ಮುಯ್ಯಾಳೋ, ಬಿಟ್ಟಿಯಾಳೋ?

ಹುಣಸೆ ಕಾಲ ಬಂತೆಂದರೆ ನಮ್ಮ ಬೀದಿಯಲ್ಲಿ ಕೂರೋದಕ್ಕೆ ಜಗಲಿ ಸಿಗೋದಿಲ್ಲ. ಮಂಡಿಯವರು ಮೂಟೆ ಇಳಿಸಿ ಹೋಗ್ತಾರೆ. ಒಬ್ಬಳು ಓಡು ಒಡೀತಾಳೆ, ಒಬ್ಬಳು ನಾರು ಎಳೀತಾಳೆ, ಮತ್ತೊಬ್ಬಳು ಬೀಜ ತೆಗೆದು ಹಣ್ಣು ಬೇರೆ ಮಾಡ್ತಾಳೆ. ಕೂಲಿ ಕೆ.ಜಿ. ಲೆಕ್ಕ. ಕಮ್ಮಿ ಕೂಲಿಯೇ, ಬೆರಳು ಕಪ್ಪಾಗೋ ಕೆಲಸವೇ. ಆದರೂ ತಾನು ಬಿಡಿಸ್ತಿರೋದು ಹುಣಸೆಹಣ್ಣು, ಅದು ಕೃಷ್ಣಗಿರಿ ಮಂಡಿಗೆ ಹೋಗ್ತದೆ, ಅಲ್ಲಿಂದ ಯಾರದೋ ಮನೆಯ ಸಾರಿಗೆ ಬೀಳ್ತದೆ ಅನ್ನೋದು ಆ ಹೆಂಗಸಿಗೆ ಗೊತ್ತು. ತೂಕದಲ್ಲಿ ಮೋಸ ಆದರೆ ತಕ್ಕಡಿ ಹಿಡಿದವನ ಮುಖ ನೋಡಿ ಬೈಯೋದಕ್ಕೂ ಗೊತ್ತು.

ಈಗ ಅದೇ ಜಗಲಿ ಮೇಲೆ ಇನ್ನೊಂದು ಕೆಲಸ ಬಂದಿದೆ. ಅದಕ್ಕೆ ಮೂಟೆ ಬೇಡ, ತಕ್ಕಡಿ ಬೇಡ. ಒಂದು ಫೋನು ಸಾಕು.

ನಮ್ಮ ಅಣ್ಣನ ಮೊಮ್ಮಗಳು ಹೊಸೂರಿನ ಕಾಲೇಜಿಗೆ ಹೋಗುವ ಹುಡುಗಿ. ಹತ್ತನೇ ತರಗತಿವರೆಗೆ ತಳಿ ಕಡೆಯ ಕನ್ನಡ ಶಾಲೆಯಲ್ಲೇ ಓದಿದವಳು. ಒಂದು ಸಂಜೆ ನೋಡ್ತೀನಿ, ಕೋಣೆ ಬಾಗಿಲು ಹಾಕಿಕೊಂಡು ಒಬ್ಬಳೇ ಮಾತಾಡ್ತಾ ಇದಾಳೆ. ‘ಮುಂದಿನ ನಿಲ್ದಾಣ ಎಷ್ಟು ದೂರವಿದೆ.’ ‘ಹಸು ಹಾಲು ಕೊಡುತ್ತದೆ.’ ‘ನನ್ನ ಖಾತೆಯಲ್ಲಿ ಎಷ್ಟು ಹಣವಿದೆ.’ ಒಂದಕ್ಕೊಂದು ಸಂಬಂಧವಿಲ್ಲ.

“ಏನಮ್ಮಾ ಇದು?” ಅಂದೆ.

“ಕೆಲಸ ತಾತ. ಸಾಲು ತೋರಿಸ್ತಾರೆ, ಓದಬೇಕು. ಸಾಲಿಗೆ ಇಷ್ಟು ಅಂತ ದುಡ್ಡು.”

“ಯಾರಿಗಮ್ಮ ಓದ್ತಿರೋದು?”

“ಗೊತ್ತಿಲ್ಲ ತಾತ.”

“ಏತಕ್ಕೆ ಅಂತಾನಾದ್ರೂ?”

“ಅದೂ ಗೊತ್ತಿಲ್ಲ.”

ಮೂರು ವಾರ ಓದಿದಳು. ಕಡೆಗೆ ಹೆಚ್ಚುಕಡಿಮೆ ಅರ್ಧದಷ್ಟು ಸಾಲುಗಳ ಎದುರಿಗೆ ಕೆಂಪು ಗುರುತು ಬಂತು: ಉಚ್ಚಾರ ಸರಿಯಿಲ್ಲ, ದುಡ್ಡಿಲ್ಲ. ಏನು ತಪ್ಪಂತೆ? ನಾನೇ ಕೂತು ಕೇಳಿಸಿಕೊಂಡೆ. ಹುಡುಗಿ ‘ಅಸು ಆಲು ಕೊಡ್ತದೆ’ ಅಂದಿದ್ದಾಳೆ. ನಮ್ಮ ಊರಿನಲ್ಲಿ ಹಸು ‘ಅಸು’ವೇ, ಹಾಲು ‘ಆಲು’ವೇ. ನಾನು ಮೂವತ್ತು ವರ್ಷ ಮಕ್ಕಳಿಗೆ ‘ಹ’ ಬರೆಸಿದ್ದೀನಿ, ಆದರೆ ನಮ್ಮವ್ವನ ಬಾಯಲ್ಲಿ ಹಕಾರ ಬಂದದ್ದು ಕೇಳಿಲ್ಲ. ಅವಳು ಸಾಲನ್ನು ಕನ್ನಡದಲ್ಲೇ ಓದಿದಳು, ಹೊಸೂರಿನ ಕನ್ನಡದಲ್ಲಿ ಓದಿದಳು. ಇದು ತಪ್ಪು ಅಂತ ತೀರ್ಮಾನ ಮಾಡಿದವರು ಯಾರು, ಯಾವೂರಿನವರು, ಅವರಿಗೆ ಸಾಲಿಗೆ ಎಷ್ಟು ಕಾಸು, ಒಂದೂ ತಿಳಿಯಲಿಲ್ಲ. ತಳ್ಳಿಹಾಕಿದ ದನಿಯನ್ನು ಅಳಿಸಿದರೋ ಇಟ್ಟುಕೊಂಡರೋ ಅಂತ ಬರೆದು ಕೇಳಿದಳು. ಜವಾಬಿಲ್ಲ. ಸಂಸ್ಥೆಯ ಹೆಸರು ನಾನು ಇಲ್ಲಿ ಬರೆಯೋದಿಲ್ಲ. ಇವತ್ತು ಒಂದು, ನಾಳೆ ಇನ್ನೊಂದು. ನನ್ನ ಜಗಳ ಒಬ್ಬರ ಮೇಲಲ್ಲ.

ಈ ವಿಷಯ ವಾಚನಾಲಯದಲ್ಲಿ ಎತ್ತಿದಾಗ ಎರಡು ಪಕ್ಷ ಆಯ್ತು. ಒಬ್ಬ ಕಿರಿಯ ಮೇಷ್ಟ್ರು ಹೇಳಿದರು: “ಸಾರ್, ಕೂತಲ್ಲಿಗೇ ನಾಲ್ಕು ಕಾಸು ಬರ್ತದೆ. ಗುಲಾಬಿ ತೋಟದಲ್ಲಿ ಔಷಧಿ ಹೊಡೆಯೋದಕ್ಕಿಂತ ವಾಸಿ ಅಲ್ವೇ? ಏನು ಎತ್ತ ಅಂತ ಕೇಳ್ತಾ ಕೂತರೆ ಆ ಕೆಲಸ ಬೇರೆ ಊರಿಗೆ ಹೋಗ್ತದೆ.” ಇನ್ನೊಬ್ಬ ಹಿರಿಯರು ಮೇಜು ಗುದ್ದಿ, “ನಮ್ಮ ಭಾಷೆ ಕದೀತಾವ್ರೆ ಕಣ್ರಯ್ಯ! ಒಬ್ಬರೂ ಬಾಯಿ ಬಿಡಬಾರದು” ಅಂದರು. ಅವತ್ತು ನಾನು ಸುಮ್ಮನಿದ್ದೆ. ಇಬ್ಬರದೂ ತಪ್ಪು ಅನ್ನೋದು ನನ್ನ ವಾದ. ಬಾಯಲ್ಲಿ ಹೇಳಿದ್ದರೆ ಗಲಾಟೆ ಆಗ್ತಿತ್ತು, ಅದಕ್ಕೇ ಬರೆದು ಒಪ್ಪಿಸ್ತಿದ್ದೀನಿ.

ಮೊದಲು ಈ ಕೆಲಸ ಏನು ಅಂತ ತಿಳೀಬೇಕು. ದೊಡ್ಡ ವಿದ್ವಾಂಸರು ಮಾಡಬೇಕಾದ ಕೆಲಸವನ್ನು ಹುಣಸೆಹಣ್ಣಿನ ಹಾಗೆ ಬಿಡಿಸಿ, ಸಣ್ಣ ಸಣ್ಣ ತುಂಡು ಮಾಡಿ, ಸಾವಿರಾರು ಜನಕ್ಕೆ ಹಂಚಿ, ಬಂದ ತುಂಡುಗಳನ್ನು ಮತ್ತೆ ಜೋಡಿಸೋದು. ಇದು ಫೋನು ಬಂದ ಮೇಲೆ ಹುಟ್ಟಿದ ಬುದ್ಧಿ ಅಲ್ಲ. 1790ರ ದಶಕದಲ್ಲಿ, ಫ್ರಾನ್ಸಿನ ಕ್ರಾಂತಿಯಾದ ಹೊಸದರಲ್ಲಿ, ಪ್ರೋನಿ ಎಂಬ ಎಂಜಿನಿಯರಿಗೆ ಲಾಗರಿದಮ್ ಕೋಷ್ಟಕಗಳನ್ನು ಹೊಸದಾಗಿ ಮಾಡುವ ಹೊಣೆ ಬಿತ್ತು. ಆತ ಮೂರು ತಂಡ ಕಟ್ಟಿದ. ಮೇಲೆ ನಾಲ್ಕಾರು ಗಣಿತಜ್ಞರು ಸೂತ್ರ ಹುಡುಕೋರು. ನಡುವೆ ಕೆಲವರು ಆ ಸೂತ್ರವನ್ನು ಲೆಕ್ಕದ ಹಾಳೆಯಾಗಿ ಮುರಿಯೋರು. ಕೆಳಗೆ ಅರವತ್ತು ಎಪ್ಪತ್ತು ಜನ ಬರೀ ಕೂಡೋರು, ಕಳೆಯೋರು. ಈ ಕೆಳಗಿನವರಲ್ಲಿ ಅನೇಕರು ಕ್ಷೌರಿಕರಂತೆ. ರಾಜಮನೆತನದವರ, ಜಮೀನ್ದಾರರ ತಲೆಗೂದಲು ಸಿಂಗಾರ ಮಾಡ್ತಿದ್ದವರು, ಆ ತಲೆಗಳೇ ಹೋದ ಮೇಲೆ ಕೆಲಸ ಕಳಕೊಂಡವರು. ಲಾಗರಿದಮ್ ಅಂದರೆ ಏನು ಅಂತ ಅವರಿಗೆ ತಿಳಿದಿರಬೇಕಾಗಿರಲಿಲ್ಲ. ಹದಿನೇಳು ದೊಡ್ಡ ಸಂಪುಟ ತುಂಬಿತು. ದುಡ್ಡಿಲ್ಲದೆ ಪೂರ್ತಿ ಅಚ್ಚಾಗಲೇ ಇಲ್ಲ, ಅದು ಬೇರೆ ಕತೆ.

ನಮ್ಮ ದೇಶದ್ದೇ ಬೇಕಾದರೆ, 1802ರಲ್ಲಿ ಮದ್ರಾಸಿನಿಂದ ಲ್ಯಾಂಬ್ಟನ್ ಸಾಹೇಬ ನೆಲ ಅಳೆಯಲು ಹೊರಟ. ಆ ಮಹಾ ಸರ್ವೆ ಮದ್ರಾಸಿನಿಂದ ಬೆಂಗಳೂರಿನ ಕಡೆಗೆ, ಅಲ್ಲಿಂದ ಹಿಮಾಲಯದವರೆಗೆ ಹೋಯಿತು. ಸರಪಳಿ ಎಳೆದವರು, ಬಾವುಟ ಹಿಡಿದು ಬೆಟ್ಟದ ಮೇಲೆ ನಿಂತವರು ಎಷ್ಟು ಸಾವಿರ ಜನರೋ. ಲೆಕ್ಕ ಮಾಡುವವರಿಗೆ ಆಗಲೇ ‘ಕಂಪ್ಯೂಟರ್’ ಅಂತ ಹುದ್ದೆಯ ಹೆಸರು. ಅದು ಯಂತ್ರವಲ್ಲ, ಮನುಷ್ಯ. ಅಂಥ ಒಬ್ಬ ಕಂಪ್ಯೂಟರ್ ಬಂಗಾಳದ ರಾಧಾನಾಥ ಸಿಕ್ದಾರ್. 15ನೇ ನಂಬರಿನ ಶಿಖರವೇ ಎಲ್ಲಕ್ಕಿಂತ ಎತ್ತರ ಅಂತ ಲೆಕ್ಕ ಹಾಕಿ 1852ರಲ್ಲಿ ತೋರಿಸಿದವರು ಅವರು ಅಂತ ಹೇಳ್ತಾರೆ. ಬೆಟ್ಟಕ್ಕೆ ಮಾತ್ರ ಅದಕ್ಕೆ ಸುಮಾರು ಒಂಬತ್ತು ವರ್ಷ ಹಿಂದೆಯೇ ನಿವೃತ್ತಿಯಾಗಿ ಊರಿಗೆ ಹೋಗಿದ್ದ ಎವರೆಸ್ಟ್ ಸಾಹೇಬನ ಹೆಸರು. ಶಾಲೆಯಲ್ಲಿ ನಾನೂ ಅದನ್ನೇ ಬಾಯಿಪಾಠ ಮಾಡಿಸಿದ್ದೀನಿ.

ಇನ್ನು ಈಗಿನದು. 2005ರಲ್ಲಿ ಅಮೆಜಾನ್ ಕಂಪನಿ ‘ಮೆಕ್ಯಾನಿಕಲ್ ಟರ್ಕ್’ ಅನ್ನೋ ಸಂತೆ ತೆರೀತು. ಆ ಹೆಸರಿನ ಹಿಂದೆ ಒಂದು ತಮಾಷೆ ಇದೆ. 1770ರಲ್ಲಿ ಯೂರೋಪಿನಲ್ಲಿ ತುರ್ಕಿಯವನ ವೇಷದ ಒಂದು ಬೊಂಬೆ ಚದುರಂಗ ಆಡ್ತಿತ್ತು, ದೊಡ್ಡ ದೊಡ್ಡವರನ್ನು ಸೋಲಿಸ್ತಿತ್ತು. ಯಂತ್ರ ಅಂತ ಜನ ಬೆರಗಾದರು. ಪೆಟ್ಟಿಗೆ ಒಳಗೆ ಮುದುರಿಕೊಂಡು ಒಬ್ಬ ಆಟಗಾರ ಕೂತಿರ್ತಿದ್ದ. ಕಂಪನಿಯವರು ಮುಚ್ಚುಮರೆ ಇಲ್ಲದೆ ಅದೇ ಹೆಸರನ್ನಿಟ್ಟರು, ಆ ಮಟ್ಟಿಗೆ ಪ್ರಾಮಾಣಿಕರು. ಪೆಟ್ಟಿಗೆಯೊಳಗೆ ಕೂತವರಲ್ಲಿ ಅಮೆರಿಕದವರು ಬಿಟ್ಟರೆ ನಮ್ಮ ದೇಶದವರು ಬಹಳ. ಚಿತ್ರ ನೋಡಿ ‘ಇದು ನಾಯಿ, ಇದು ಬೆಕ್ಕು’ ಅಂತ ಯಂತ್ರಕ್ಕೆ ಕಲಿಸಿದ ‘ಇಮೇಜ್‌ನೆಟ್’ ಅನ್ನೋ ಚಿತ್ರಸಂಗ್ರಹ ಆ ಸಂತೆಯಲ್ಲೇ ತಯಾರಾಯ್ತು. 1.4 ಕೋಟಿ ಚಿತ್ರ, 167 ದೇಶಗಳ ಸುಮಾರು 49 ಸಾವಿರ ಜನರ ಕೆಲಸ. ಇವತ್ತು ಯಂತ್ರಬುದ್ಧಿ ಅಂತ ಕುಣಿದಾಡ್ತಿರೋದಕ್ಕೆ ಅದೊಂದು ಅಡಿಪಾಯ. ಆ 49 ಸಾವಿರದಲ್ಲಿ ಒಬ್ಬರ ಹೆಸರು ಹೇಳಿ ನೋಡೋಣ. ಆ ಸಂತೆಯಲ್ಲಿ ಇನ್ನೊಂದು ನಿಯಮ ಇದೆ: ಕೆಲಸ ಕೊಟ್ಟವನು ‘ಸರಿಯಿಲ್ಲ’ ಅಂತ ದುಡ್ಡು ನಿರಾಕರಿಸಬಹುದು, ಮಾಡಿದ ಕೆಲಸ ಮಾತ್ರ ಅವನ ಕೈಗೆ ಸೇರಿರ್ತದೆ. ಹಣ್ಣು ಸರಿಯಾಗಿ ಬಿಡಿಸಿಲ್ಲ ಅಂತ ಕೂಲಿ ಕೊಡದೆ ಮೂಟೆಯನ್ನೂ ಹೊತ್ತುಕೊಂಡು ಹೋದರೆ ನಮ್ಮ ಹೆಂಗಸರು ಬಿಡ್ತಾರೆಯೇ?

ನಾನು ಇದನ್ನೆಲ್ಲ ಮಾಡಿಲ್ಲ ಅಂತ ನೀವು ಅಂದುಕೊಂಡಿದ್ದರೆ, ಮಾಡಿದ್ದೀರಿ. ರೈಲು ಟಿಕೆಟ್ಟೋ ಪರೀಕ್ಷೆ ಫಲಿತಾಂಶವೋ ನೋಡುವಾಗ ‘ನೀವು ಮನುಷ್ಯರೇ?’ ಅಂತ ಕೇಳಿ, ಸೊಟ್ಟಸೊಟ್ಟ ಅಕ್ಷರ ತೋರಿಸಿ ಬರೆಯಿರಿ ಅಂತಿದ್ದದ್ದು ನೆನಪಿದೆಯೇ? 2007ರಲ್ಲಿ ಬಂದ ‘ರೀಕ್ಯಾಪ್ಚಾ’ದಲ್ಲಿ ಎರಡು ಪದ ಇರ್ತಿತ್ತು. ಒಂದು ಯಂತ್ರಕ್ಕೆ ಮೊದಲೇ ಗೊತ್ತಿರೋದು, ನಮ್ಮ ಪರೀಕ್ಷೆಗೆ. ಇನ್ನೊಂದು ಹಳೇ ಪತ್ರಿಕೆ, ಹಳೇ ಪುಸ್ತಕದಿಂದ ತೆಗೆದದ್ದು, ಯಂತ್ರಕ್ಕೆ ಓದೋಕೆ ಆಗದೇ ಇದ್ದದ್ದು. ಹಲವು ಜನ ಒಂದೇ ಉತ್ತರ ಬರೆದರೆ ಅದೇ ಸರಿ. ಹೀಗೆ ನ್ಯೂಯಾರ್ಕಿನ ಹಳೇ ಪತ್ರಿಕೆಗಳನ್ನು ಜಗತ್ತಿನ ಜನ ತಮಗೆ ತಿಳಿಯದೆಯೇ ಓದಿಕೊಟ್ಟರು. 2009ರಲ್ಲಿ ಗೂಗಲ್ ಅದನ್ನು ಕೊಂಡಿತು. ಆಮೇಲೆ ‘ಬಸ್ಸು ಇರುವ ಚೌಕ ಒತ್ತಿ’, ‘ಸಿಗ್ನಲ್ ಲೈಟು ಎಲ್ಲಿದೆ ಒತ್ತಿ’ ಬಂತು. ಅಂಚೆಟ್ಟಿ ಬೆಟ್ಟದಲ್ಲಿ ಸಿಗ್ನಲ್ ಲೈಟನ್ನೇ ನೋಡದ ಹುಡುಗ ಅಮೆರಿಕದ ಬೀದಿಯ ಸಿಗ್ನಲ್ ಹುಡುಕಿಕೊಟ್ಟಿದ್ದಾನೆ. ಕೂಲಿ ಕೇಳಬೇಕು ಅಂತ ಅವನಿಗೆ ತೋಚಿಯೂ ಇಲ್ಲ.

ಹಾಗಾದರೆ ಹಿರಿಯರು ಹೇಳಿದ್ದೇ ಸರಿ, ಬಾಯಿ ಮುಚ್ಚಿಕೊಂಡು ಕೂರೋಣವೇ? ಇಲ್ಲಿ ನಾನು ಅವರನ್ನು ಒಪ್ಪೋದಿಲ್ಲ. ಮಾತು ದುಡ್ಡಿನ ಹಾಗೆ ಕದ್ದರೆ ಖಾಲಿ ಆಗೋದಲ್ಲ. ನಾವು ಬಾಯಿ ಮುಚ್ಚಿದರೆ ಯಂತ್ರ ಕನ್ನಡ ಕಲಿಯದೇ ಇರೋದಿಲ್ಲ. ಬೆಂಗಳೂರಿನ ವಾರ್ತೆ ಓದುವವರ ಕನ್ನಡ ಕಲೀತದೆ, ಅಷ್ಟೇ. ನಾಳೆ ಬ್ಯಾಂಕು, ಆಸ್ಪತ್ರೆ, ರೇಷನ್ ಅಂಗಡಿ ಎಲ್ಲ ಕಡೆ ಫೋನಿಗೆ ಮಾತಾಡಿ ಕೆಲಸ ಮಾಡಿಸಿಕೊಳ್ಳುವ ಕಾಲ ಬರ್ತಿದೆ. ಅವತ್ತು ನಮ್ಮ ಹೆಂಗಸು ‘ಎದೆ ನೋಯ್ತದೆ, ವಸಿ ಉಸ್ರಾಡಕ್ಕಾಗಲ್ಲ’ ಅಂದರೆ ಯಂತ್ರ ‘ಅರ್ಥವಾಗಲಿಲ್ಲ, ಮತ್ತೆ ಹೇಳಿ’ ಅಂತದೆ. ತಮಿಳಿನಲ್ಲಿ ಹೇಳಿದರೂ ನಮ್ಮ ತಮಿಳು ಮದುರೆಯ ತಮಿಳಲ್ಲ. ತೆಲುಗಿನಲ್ಲಿ ಹೇಳಿದರೆ ನಮ್ಮ ತೆಲುಗು ಗುಂಟೂರಿನ ತೆಲುಗಲ್ಲ. ಮೂರು ಭಾಷೆ ಬಲ್ಲ ಹೊಸೂರಿನವರು ಮೂರರಲ್ಲೂ ಮೂಗರು.

ಈ ಅನ್ಯಾಯವನ್ನು ಕಂಡು ಕೆಲಸ ಮಾಡ್ತಿರೋರೂ ಇದ್ದಾರೆ, ಅದನ್ನೂ ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಆರ್ಟ್‌ಪಾರ್ಕ್, ಗೂಗಲ್ ಜೊತೆ ಸೇರಿ ‘ವಾಣಿ’ ಅಂತ ಒಂದು ಯೋಜನೆ ನಡೆಸ್ತಿದ್ದಾರೆ. ಭಾಷೆ ಹಿಡಿದು ಹೋಗದೆ ಜಿಲ್ಲೆ ಹಿಡಿದು ಹೋಗೋದು ಅವರ ಕ್ರಮ. 773 ಜಿಲ್ಲೆ, ಹತ್ತು ಲಕ್ಷ ಜನ, ಒಂದೂವರೆ ಲಕ್ಷ ಗಂಟೆಗೂ ಮೇಲ್ಪಟ್ಟ ಮಾತು ಅವರ ಗುರಿ. ಸಾಲು ಕೊಟ್ಟು ಓದಿಸೋದಿಲ್ಲ. ಒಂದು ಚಿತ್ರ ತೋರಿಸಿ ‘ಏನು ಕಾಣ್ತದೆ ಹೇಳಿ’ ಅಂತಾರೆ. ಆಗ ‘ಅಸು’ ಅಂದರೆ ‘ಅಸು’ವೇ ಸರಿ. ಸಂಗ್ರಹವನ್ನೂ ಎಲ್ಲರೂ ಬಳಸೋ ಹಾಗೆ ಬಿಡುಗಡೆ ಮಾಡ್ತಾರೆ. ಇದು ಸರಿಯಾದ ದಾರಿ. ಆದರೆ ನಮ್ಮಂಥ ಜಿಲ್ಲೆಗೆ ಬಂದಾಗ ನನ್ನ ಅಳುಕು ಇದು: ಕೃಷ್ಣಗಿರಿ ಅಂದ ಕೂಡಲೆ ‘ತಮಿಳು’ ಅಂತ ಬರಕೊಂಡು ಹೋಗೋರು ಹೆಚ್ಚು. ತಳಿ, ಡೆಂಕಣಿಕೋಟೆ, ಬಾಗಲೂರು ಕಡೆಯ ಬಾಯಿಗಳನ್ನು ಹುಡುಕಿಕೊಂಡು ಬರಬೇಕಾದರೆ ಇಲ್ಲಿಂದ ಯಾರಾದರೂ ಕೂಗಿ ಕರೆಯಬೇಕು.

‘ಕಾರ್ಯ’ ಅನ್ನೋ ಇನ್ನೊಂದು ಸಂಸ್ಥೆ ಇದೆ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಮೊಳೆತು, 2021ರಿಂದ ಲಾಭಕ್ಕಲ್ಲದ ಸಂಸ್ಥೆಯಾಗಿ ನಡೀತಿದೆ. ಚಾಮರಾಜನಗರ ಜಿಲ್ಲೆಯ ಹಳ್ಳಿಗಳ ಹೆಂಗಸರು ಇವರಿಗಾಗಿ ಕನ್ನಡ ಸಾಲುಗಳನ್ನು ಫೋನಿಗೆ ಓದಿದ್ದಾರೆ. ಗಂಟೆಗೆ ಸುಮಾರು 5 ಡಾಲರ್ ಕೊಡ್ತೀವಿ, ದನಿಯನ್ನು ಮತ್ತೊಬ್ಬರಿಗೆ ಮಾರಿದಾಗ ಓದಿದವರಿಗೆ ಮತ್ತೆ ಪಾಲು ಕೊಡ್ತೀವಿ ಅನ್ನೋದು ಅವರ ಮಾತು. ಲೆಕ್ಕ ಹಾಕಿ ನೋಡಿ: ನಮ್ಮ ಕಡೆ ದಿನವಿಡೀ ಬಗ್ಗಿ ಕಳೆ ಕಿತ್ತರೆ ಬರೋ ಕೂಲಿ ಅಲ್ಲಿ ಒಂದು ಗಂಟೆಯ ಆಸುಪಾಸು. ಅಂದರೆ ಕೊಡೋಕೆ ಸಾಧ್ಯ ಇದೆ. ‘ಮಾರುಕಟ್ಟೆ ರೇಟೇ ಇಷ್ಟು’ ಅಂತ ಉಳಿದವರು ಹೇಳೋದು ಸುಳ್ಳು. ಕಿರಿಯ ಮೇಷ್ಟ್ರು ಇದನ್ನು ದಯವಿಟ್ಟು ಗಮನಿಸಬೇಕು. ಕೇಳಿದರೆ ಕೆಲಸ ಬೇರೆ ಊರಿಗೆ ಹೋಗ್ತದೆ ಅಂದರಲ್ಲ, ಕೇಳದೇ ಇದ್ದದ್ದಕ್ಕೇ ನಮ್ಮ ಹುಡುಗಿಯ ಅರ್ಧ ಕೂಲಿ ಹೋಯ್ತು.

ಸರ್ಕಾರದ್ದೂ ಒಂದಿದೆ, ‘ಭಾಷಿಣಿ’. 2022ರಲ್ಲಿ ಶುರುವಾದದ್ದು. ಅದರಲ್ಲಿ ‘ಭಾಷಾದಾನ’ ಅಂತ ಜನ ಬಿಟ್ಟಿಯಾಗಿ ಮಾತು ಕೊಡುವ ವಿಭಾಗ. ಬೋಲೋ ಇಂಡಿಯಾ, ಸುನೋ ಇಂಡಿಯಾ, ಲಿಖೋ ಇಂಡಿಯಾ, ದೇಖೋ ಇಂಡಿಯಾ. ಕನ್ನಡದ ದಾನವನ್ನೂ ಹಿಂದಿಯಲ್ಲೇ ಕೇಳ್ತಾರೆ, ಇರಲಿ. ದಾನ ಅಂದ ಮೇಲೆ ಕೊಟ್ಟವನಿಗೆ ಕೂಲಿ ಇಲ್ಲ ಅನ್ನೋದನ್ನು ಒಪ್ಪಬಹುದು. ದಾನದಿಂದ ಕಟ್ಟಿದ ಛತ್ರದಲ್ಲಿ ಊರವರಿಗೆ ಊಟ ಹಾಕಬೇಕು, ಅಷ್ಟೇ ನಮ್ಮ ಕೇಳಿಕೆ.

ಈ ಮಾತಿಗೇ ಬರಬೇಕು ಅಂತಿದ್ದೆ. ನಮ್ಮ ಹಿರಿಯರಿಗೆ ಆಳು ಅಂದರೆ ಮೂರು ಬಗೆ. ಒಂದು ಕೂಲಿಯಾಳು: ಹೊತ್ತು ಮುಳುಗೋದರೊಳಗೆ ಕೈಗೆ ಕಾಸು. ಎರಡು ಮುಯ್ಯಾಳು: ಇವತ್ತು ನಿನ್ನ ರಾಗಿ ಕುಯ್ಲಿಗೆ ನಾನು, ನಾಳೆ ನನ್ನ ಕುಯ್ಲಿಗೆ ನೀನು. ಇಲ್ಲಿ ಕಾಸಿಲ್ಲ, ಆದರೆ ಲೆಕ್ಕ ಇದೆ. ಯಾರು ಬಂದರು, ಯಾರು ಬರಲಿಲ್ಲ ಅನ್ನೋದು ಊರಿಗೆಲ್ಲ ನೆನಪಿರ್ತದೆ. ಮೂರನೆಯದು ಬಿಟ್ಟಿಯಾಳು: ಗೌಡರ ಮನೆಗೆ, ಅಮಲ್ದಾರರ ಮೊಕ್ಕಾಮಿಗೆ ಹಿಡಕೊಂಡು ಹೋಗಿ ದುಡಿಸೋದು. ಕಾಸೂ ಇಲ್ಲ, ಲೆಕ್ಕವೂ ಇಲ್ಲ, ಹೆಸರೂ ಇಲ್ಲ. ಈ ಹೊಸ ಚಿಲ್ಲರೆ ಕೆಲಸ ಬಂದಾಗ ಕೇಳಬೇಕಾದದ್ದು ಒಂದೇ, ಇದರಲ್ಲಿ ನಾನು ಯಾವ ಆಳು? ಕೂಲಿಯಾಳಾದರೆ ಕೂಲಿ ಎಷ್ಟು, ತಳ್ಳಿಹಾಕೋರು ಯಾರು, ಯಾಕೆ ತಳ್ಳಿದರು ಅಂತ ಹೇಳಲಿ. ಮುಯ್ಯಾಳಾದರೆ ನನ್ನ ಹೊಲಕ್ಕೆ ಯಾವಾಗ ಬರ್ತೀರಿ ಅಂತ ಹೇಳಲಿ. ಎರಡನ್ನೂ ಹೇಳೋದಿಲ್ಲ ಅಂದರೆ ಅದು ಬಿಟ್ಟಿ. ಫೋನಿನಲ್ಲಿ ಮಾಡಿದ ಮಾತ್ರಕ್ಕೆ ಅದರ ಹೆಸರು ಬದಲಾಗೋದಿಲ್ಲ.

ಮುಯ್ಯಾಳು ಲೆಕ್ಕದಲ್ಲೇ ಎಂಥ ದೊಡ್ಡ ಕೆಲಸ ಆಗಬಹುದು ಅನ್ನೋದಕ್ಕೆ ಇಂಗ್ಲಿಷಿನವರ ದೊಡ್ಡ ನಿಘಂಟು ಸಾಕ್ಷಿ. 1879ರಲ್ಲಿ ಅದರ ಸಂಪಾದಕ ಜೇಮ್ಸ್ ಮರ್ರೆ ಒಂದು ಮನವಿ ಅಚ್ಚು ಹಾಕಿಸಿ ಹಂಚಿದ: ಪುಸ್ತಕ ಓದಿ, ಪದ ಕಂಡಲ್ಲಿ ಒಂದು ಚೀಟಿಯಲ್ಲಿ ಪದ, ಸಾಲು, ಪುಸ್ತಕದ ಹೆಸರು, ಪುಟ ಬರೆದು ಕಳಿಸಿ. ಮನೆ ಹಿಂದೆ ತಗಡಿನ ಶೆಡ್ಡು ಹಾಕಿ ಗೂಡುಗಳಲ್ಲಿ ಚೀಟಿ ತುಂಬಿದ. ಮೇಷ್ಟ್ರುಗಳು, ಪಾದ್ರಿಗಳು, ಮನೆಯಲ್ಲಿದ್ದ ಹೆಂಗಸರು, ಹುಚ್ಚಾಸ್ಪತ್ರೆಯಲ್ಲಿದ್ದ ಒಬ್ಬ ಡಾಕ್ಟರು ಕೂಡ ಬರೆದು ಕಳಿಸಿದರು. 1928ಕ್ಕೆ ಮುಗೀತು. ಸಂಬಳ ಇರಲಿಲ್ಲ. ಆದರೆ ಏತಕ್ಕೆ ಬರೀತಿದ್ದೀವಿ ಅನ್ನೋದು ಪ್ರತಿ ಒಬ್ಬರಿಗೂ ಗೊತ್ತಿತ್ತು, ಓದಿಕೊಟ್ಟವರ ಹೆಸರುಗಳನ್ನು ಮುನ್ನುಡಿಗಳಲ್ಲಿ ಅಚ್ಚು ಹಾಕಿದರು, ಮುಗಿದ ಪುಸ್ತಕವನ್ನು ಅವರೇ ಬಿಚ್ಚಿ ನೋಡಬಹುದಿತ್ತು. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟೂ ಚೀಟಿಯಿಂದಲೇ ಆದದ್ದು. ಕಾವ್ಯ, ಶಾಸನ ಓದಿ ಪಂಡಿತರು ಚೀಟಿ ಬರೆದರು, ಜಿ. ವೆಂಕಟಸುಬ್ಬಯ್ಯನವರಂಥವರು ಜೋಡಿಸಿದರು, ಎಂಟನೆಯ ಸಂಪುಟ ಹೊರಬರುವ ಹೊತ್ತಿಗೆ 1995. ಅದರ ಮುಂದೆ ಕೂತು ನಾನು ನಮ್ಮೂರ ಮಾತು ಹುಡುಕಿದ್ದೀನಿ. ಹಲವು ಸಿಕ್ಕವು, ಹಲವು ಸಿಗಲಿಲ್ಲ. ಪಂಡಿತರ ತಪ್ಪಲ್ಲ, ಪುಸ್ತಕಕ್ಕೆ ಬಾರದ ಮಾತು ಚೀಟಿಗೆ ಹೇಗೆ ಬಂದೀತು?

ಹತ್ತಿರದ್ದೇ ಇನ್ನೊಂದು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಆ ಸುತ್ತಿನ ಶಾಸನ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡ್ತಿದ್ದಾರೆ. ಚರಂಡಿ ಮೇಲೆ ಹಾಸಿದ್ದು, ಒಗೆಯೋ ಕಲ್ಲಾಗಿದ್ದದ್ದು, ಸೈಟಿನ ಮಣ್ಣಿನಡಿ ಹೂತದ್ದು. ‘ಇಲ್ಲೊಂದು ಕಲ್ಲಿದೆ ಬನ್ನಿ’ ಅಂತ ಹೇಳೋದು ಊರಿನ ಸಾಮಾನ್ಯ ಜನ, ಓದೋದು ಬಲ್ಲವರು. ಅತ್ತಿಬೆಲೆ ದಾಟಿದರೆ ನಮ್ಮದೇ. ನಮ್ಮ ಹೊಲಗಳಲ್ಲಿ ವೀರಗಲ್ಲು ಇಲ್ಲವೇ? ಕೃಷ್ಣಗಿರಿ ಮ್ಯೂಸಿಯಮ್ಮಿನಲ್ಲಿ ನೋಡಿ ಬನ್ನಿ.

ತುಂಡು ಮಾಡೋ ವಿದ್ಯೆಯ ಮೇಲೆ ನನಗಿರೋ ಇನ್ನೊಂದು ದೂರು ಕಾಸಿನದಲ್ಲ. 2010ರಲ್ಲಿ ಅಮೆರಿಕದ ಎಂ.ಐ.ಟಿ.ಯವರು ಪ್ರಬಂಧ ತಿದ್ದುವ ಒಂದು ಏರ್ಪಾಟು ಮಾಡಿದರು. ಒಂದಷ್ಟು ಜನ ತಪ್ಪಿರುವ ಜಾಗ ತೋರಿಸ್ತಾರೆ, ಬೇರೊಂದಷ್ಟು ಜನ ತಿದ್ದುತ್ತಾರೆ, ಮೂರನೇ ಗುಂಪು ಯಾವ ತಿದ್ದುಪಡಿ ಚೆನ್ನ ಅಂತ ಓಟು ಹಾಕ್ತದೆ. ಒಬ್ಬೊಬ್ಬರನ್ನು ನಂಬೋಕಾಗದಿದ್ದರೂ ಮೂರು ಜರಡಿ ಹಿಡಿದರೆ ಕಾಳು ನಿಲ್ತದೆ. ಉಪಾಯ ಚೆಂದ ಇದೆ, ಅದನ್ನು ಕಂಡುಹಿಡಿದವರ ಬುದ್ಧಿಗೆ ನಮಸ್ಕಾರ. ಆದರೆ ಮೇಷ್ಟ್ರಾಗಿ ನನಗೆ ಕಸಿವಿಸಿ. ಪ್ರಬಂಧ ತಿದ್ದಿ ಆಯ್ತು, ತಿದ್ದಿದವರಲ್ಲಿ ಅದನ್ನು ಪೂರ್ತಿ ಓದಬೇಕಾದವರು ಯಾರೂ ಇಲ್ಲ. ನಮ್ಮ ಹುಡುಗಿ ಮೂರು ವಾರ ಕನ್ನಡ ಓದಿದಳು. ಅದರಿಂದ ಅವಳ ಕನ್ನಡ ಒಂದು ಕೂದಲೆಳೆಯಷ್ಟೂ ಬೆಳೆಯಲಿಲ್ಲ, ತನ್ನ ಕನ್ನಡ ಕೆಟ್ಟದ್ದು ಅನ್ನೋದೊಂದನ್ನು ಕಲಿತಳು. ಈಗ ಮನೆಯಲ್ಲಿ ‘ಹಾಲು’ ಅನ್ನುವಾಗ ಉಸಿರು ಬಿಗಿಹಿಡಿದು ಅಂತಾಳೆ. ಅವರಜ್ಜಿ ನಗ್ತಾಳೆ.

ವಿಕಿಸೋರ್ಸಿನಲ್ಲಿ ಹಳೇ ಕನ್ನಡ ಪುಸ್ತಕ ಹಾಕೋರು ಬೇರೆ ರೀತಿ ಮಾಡ್ತಾರೆ. ಒಂದು ಪುಟ ಒಬ್ಬರು ತಿದ್ದಿದರೆ ಪುಟದ ಗುರುತು ಹಳದಿ. ಇನ್ನೊಬ್ಬರು ಸರಿ ನೋಡಿದರೆ ಹಸಿರು. ಯಾರು ಯಾವ ಅಕ್ಷರ ತಿದ್ದಿದರು ಅನ್ನೋದು ಅಲ್ಲೇ ಉಳಿದಿರ್ತದೆ, ತಕರಾರಿದ್ದರೆ ಅಲ್ಲೇ ಬರೀಬಹುದು, ಬೇಕಾದರೆ ಪುಸ್ತಕ ಪೂರ್ತಿ ಓದಬಹುದು. ಕೆಲಸ ಅಲ್ಲೂ ಸಣ್ಣದೇ. ಪೆಟ್ಟಿಗೆಗೆ ಮುಚ್ಚಳ ಇಲ್ಲ.

ಮೇಷ್ಟ್ರುಗಳಿಗೆ ಒಂದು ಪ್ರತ್ಯೇಕ ಮಾತು. ಈ ದೇಶದಲ್ಲಿ ಚಿಲ್ಲರೆ ಕೆಲಸ ಸೇರಿಸಿ ಮಹಾ ಜ್ಞಾನ ಮಾಡೋದರಲ್ಲಿ ಎಲ್ಲರಿಗಿಂತ ಹಳಬರು ನಾವೇ. ಜನಗಣತಿ! 2011ರಲ್ಲಿ ಸುಮಾರು 27 ಲಕ್ಷ ಜನ ಮನೆಮನೆ ತಿರುಗಿದೆವು, ಅದರಲ್ಲಿ ಬಹುಪಾಲು ಶಾಲೆಯವರು. ಬಿಸಿಲಲ್ಲಿ ಮೂವತ್ತಕ್ಕೂ ಹೆಚ್ಚು ಮನೆ ತಿರುಗಿದ ದಿನಗಳು ನನಗೆ ನೆನಪಿವೆ. ತಾಯ್ನುಡಿ ಅನ್ನೋ ಕಾಲಂ ಬಂದಾಗ ಏನು ಮಾಡಿದೆವು, ಎದೆ ಮುಟ್ಟಿಕೊಂಡು ಹೇಳಿ. ಹೆಸರು ಕೇಳಿ, ಜಾತಿ ಊಹಿಸಿ, ಕೇಳದೆಯೇ ಬರೆದದ್ದಿಲ್ಲವೇ? ಮನೆಯವರೂ ಅಷ್ಟೇ. “ಯಾವುದೋ ಒಂದು ಹಾಕ್ಕೊಳಿ ಸಾರ್, ಎಲ್ಲ ಮಾತಾಡ್ತೀವಿ” ಅಂತಾರೆ. ಆ ಒಂದು ಕಾಲಮ್ಮಿನ ತೂಕ ನೋಡಿ. ದೇಶದಲ್ಲಿ ಜನ 19,569 ಬಗೆಯಲ್ಲಿ ತಾಯ್ನುಡಿಯ ಹೆಸರು ಹೇಳಿದರು. ದಿಲ್ಲಿಯಲ್ಲಿ ಅದನ್ನು ಸೋಸಿ 1,369 ಮಾಡಿದರು, ಕಡೆಗೆ ಗುಂಪು ಕಟ್ಟಿ 121 ಭಾಷೆ ಅಂದರು. ಚೀಟಿ ನಮ್ಮದು, ಜೋಡಿಸೋದು ಅವರದು. ಆ ಜೋಡಣೆಯ ಮೇಲೇ ಎಲ್ಲ ನಿಂತಿರೋದು. 1949ರಲ್ಲಿ ಶಿಕ್ಷಣ ಮಂತ್ರಿಗಳು ಒಪ್ಪಿದ ಅಳತೆ: ಶಾಲೆಯಲ್ಲಿ 40 ಮಕ್ಕಳೋ ಒಂದು ತರಗತಿಯಲ್ಲಿ 10 ಮಕ್ಕಳೋ ಇದ್ದರೆ ಅವರ ನುಡಿಯ ಮೇಷ್ಟ್ರನ್ನು ಕೊಡಬೇಕು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯೂ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಪಾಠದ ಮಾತೇ ಆಡ್ತದೆ. ಎಲ್ಲದಕ್ಕೂ ತಲೆ ಎಣಿಕೆ ಬೇಕು. 2006ರ ತಮಿಳು ಕಲಿಕೆಯ ಕಾನೂನು ಬಂದ ಮೇಲೆ ನಮ್ಮ ಕನ್ನಡ ಶಾಲೆಗಳು ಎಷ್ಟು ಏಗಿದವು ಅನ್ನೋದು ನಿಮಗೆ ನಾನು ಹೇಳಬೇಕಾಗಿಲ್ಲ. ತಮಿಳು ಕಲಿಯೋದಕ್ಕೆ ನಮಗೆ ತಕರಾರಿಲ್ಲ, ಸಂತೆಯಲ್ಲಿ ಅದೇ ನಮಗೆ ಅನ್ನ ಕೊಡೋದು. ಕನ್ನಡದವರು ಇಲ್ಲವೇ ಇಲ್ಲ ಅಂತ ಕಾಗದದಲ್ಲಿ ಆಗಬಾರದು, ಅಷ್ಟೇ.

2027ರ ಗಣತಿ ಮೊಬೈಲಿನಲ್ಲೇ ನಡೀತದೆ, ಮಾರ್ಚ್ 1 ಅದರ ಲೆಕ್ಕದ ದಿನ. ಬರೆಯೋದರ ಬದಲು ಒತ್ತೋದು. ಒಂದು ಒತ್ತಿಗೆ ಅರ್ಧ ಕ್ಷಣ. ಕೇಳಿ ಒತ್ತಿ. ಮನೆಯವರೂ ಹೇಳಿ ಒತ್ತಿಸಿ. ನಾವು ಕನ್ನಡ ಕನ್ನಡ ಅಂತ ಕೂಗೋ ಭರದಲ್ಲಿ ಡೆಂಕಣಿಕೋಟೆ ಕಾಡಂಚಿನ ಇರುಳರ ಮನೆಗೆ ಹೋಗಿ ಅವರಿಗೂ ‘ಕನ್ನಡ’ವೋ ‘ತಮಿಳೋ’ ಅಂತ ಒತ್ತಿ ಬಂದರೆ, ನಮ್ಮ ಹುಡುಗಿಗೆ ಕೆಂಪು ಗುರುತು ಹಾಕಿದವನಿಗೂ ನಮಗೂ ಏನು ವ್ಯತ್ಯಾಸ? ಅವರ ನುಡಿ 22 ಪರಿಚ್ಛೇದದ ಭಾಷೆಗಳಲ್ಲಿ ಇಲ್ಲ. ಅವರ ಕಡೆ ಫೋನು ಹಿಡಕೊಂಡು ಬರೋರು ಇನ್ನೂ ಕಮ್ಮಿ.

ಇಷ್ಟು ಬೈದ ಮೇಲೆ ‘ನೀವೇನು ಮಾಡ್ತೀರಿ ಮೇಷ್ಟ್ರೆ’ ಅಂತ ಕೇಳ್ತೀರಿ. ಕೇಳಲೇಬೇಕು.

ವಾಚನಾಲಯದ ಬಲಗಡೆ ಮೇಜಿನ ಮೇಲೆ ಪೋಸ್ಟ್‌ಕಾರ್ಡಿನಷ್ಟು ದೊಡ್ಡ ಬಿಳಿ ಚೀಟಿಗಳ ಕಟ್ಟು ಇಟ್ಟಿದ್ದೀನಿ. ಒಂದು ಚೀಟಿಗೆ ಒಂದೇ ಮಾತು. ಮಾತು, ಅದರ ಅರ್ಥ, ಅದನ್ನು ಬಳಸಿ ಮನೆಯಲ್ಲಿ ಆಡುವ ಒಂದು ಪೂರ್ತಿ ಸಾಲು, ಹೇಳಿದವರ ಊರು, ಬರೆದವರ ಹೆಸರು. ಹೆಸರು ಕಡ್ಡಾಯ. ‘ಅಸು’ ಅಂದರೆ ‘ಅಸು’ ಅಂತಲೇ ಬರೀರಿ, ತಿದ್ದಬೇಡಿ. ಮೇಷ್ಟ್ರುಗಳಿಗೆ ಇದು ಕಷ್ಟ, ನನಗೂ ಕಷ್ಟ. ಮರ್ರೆಗೆ ಒಂದು ಪೇಚಾಟ ಆಗಿತ್ತಂತೆ: ಜನ ಅಪರೂಪದ ಪದಕ್ಕೆ ಕಂತೆಗಟ್ಟಲೆ ಚೀಟಿ ಕಳಿಸಿದರು, ದಿನಾ ಆಡೋ ಪದಕ್ಕೆ ಬೆರಳೆಣಿಕೆ. ನಾವೂ ಅದೇ ತಪ್ಪು ಮಾಡೋದು ಬೇಡ. ಕೂರಿಗೆ, ಕುಂಟೆ, ಅಕ್ಕಡಿ ಸಾಲು, ಅರಿ, ಕುಪ್ಪೆ, ಮೆದೆ, ರೋಣಗಲ್ಲು, ಒಂದರಿ, ಕಪಿಲೆ ಇವೆಲ್ಲ ಬರಲಿ. ಜೊತೆಗೆ ‘ಬಾ’, ‘ಹೋಗು’, ‘ಕೊಡು’ ಕೂಡ ಬರಲಿ. ‘ವಸಿ’ ಬರಲಿ. ತಮಿಳಿನಿಂದ, ತೆಲುಗಿನಿಂದ ಬಂದು ನಮ್ಮ ಮನೆಯಲ್ಲೇ ಕೂತ ಮಾತುಗಳೂ ಬರಲಿ, ಹೊರಗೆ ನಿಲ್ಲಿಸಬೇಡಿ. ಕಾಯಿಲೆ ಕಸಾಲೆಗೆ ಹೆಂಗಸರು ಆಡೋ ಮಾತುಗಳು ಮೊದಲು ಬೇಕು. ಆಸ್ಪತ್ರೆಯಲ್ಲಿ ಯಂತ್ರ ಮೊದಲು ತಪ್ಪೋದು ಅಲ್ಲೇ.

ಮಾತು ಹೇಳೋರಿಗೆ ಬರೆಯೋಕೆ ಬಾರದಿದ್ದರೆ ಏಳನೇ ತರಗತಿ ಮಕ್ಕಳು ಬರಕೊಳ್ಳಲಿ. ಒಬ್ಬರು ಬರೆದದ್ದನ್ನು ಬೇರೆ ಊರಿನ ಇಬ್ಬರು ನೋಡಬೇಕು. ‘ನಮ್ಮಲ್ಲಿ ಹೀಗನ್ನಲ್ಲ’ ಅಂದರೆ ಅದನ್ನೂ ಚೀಟಿಯ ಹಿಂದೆ ಬರೀಬೇಕು, ಹೊಡೆದುಹಾಕಬಾರದು. ಸಾವಿರ ಚೀಟಿ ಆದಾಗ ಇದೇ ವಾಚನಾಲಯದಿಂದ ಒಂದು ಪುಸ್ತಕ ತರೋಣ. ಆಮೇಲೆ ಯಾವ ಕಂಪನಿ, ಯಾವ ಸಂಸ್ಥೆ ಬಂದು ‘ನಿಮ್ಮ ಕನ್ನಡ ಬೇಕು’ ಅಂದರೂ ಕೊಡೋಣ. ಪುಸ್ತಕದಲ್ಲಿ ನೂರು ಜನರ ಹೆಸರಿದೆ, ಇದನ್ನು ಹಾಕಿಕೊಳ್ಳಿ, ನಮ್ಮ ಮಾತು ತಿಳಿಯೋ ಯಂತ್ರವನ್ನು ನಮ್ಮ ಆಸ್ಪತ್ರೆಗೆ ತಂದು ತೋರಿಸಿ ಅಂತ ಹೇಳಿ ಕೊಡೋಣ.

ಕೂಲಿಗೆ ಓದೋ ಮಕ್ಕಳು ಓದಲಿ, ಬೇಡ ಅನ್ನೋದಿಲ್ಲ. ಆದರೆ ಒಪ್ಪಿಕೊಳ್ಳೋದಕ್ಕೆ ಮುಂಚೆ ಫೋನಿನಲ್ಲಿ ಬಂದ ಕರಾರನ್ನು ವಾಚನಾಲಯಕ್ಕೆ ತನ್ನಿ, ಕೂತು ಓದೋಣ. ಇಂಗ್ಲಿಷಿನಲ್ಲಿದ್ದರೆ ಕಿರಿಯ ಮೇಷ್ಟ್ರು ಓದಿ ಹೇಳ್ತೀನಿ ಅಂತ ಒಪ್ಪಿದ್ದಾರೆ. ನನ್ನ ಮೇಲೆ ಅವರಿಗೆ ಸಿಟ್ಟಿಲ್ಲ. ಮೇಜು ಗುದ್ದಿದ ಹಿರಿಯರು ಹೋದ ವಾರ ಬಂದು ಏನೂ ಹೇಳದೆ ಹನ್ನೊಂದು ಚೀಟಿ ಬರೆದಿಟ್ಟು ಹೋದರು, ಎಲ್ಲವೂ ಎತ್ತಿನ ಬಣ್ಣದ ಹೆಸರು. ಅದರಲ್ಲಿ ನಾಲ್ಕು ನಾನೂ ಕೇಳಿದ್ದಿಲ್ಲ. ಹುಡುಗಿ ಬರೆದ ಮೊದಲ ಚೀಟಿಯೂ ಅಲ್ಲೇ ಇದೆ: ‘ಆಲು. ಅಸುವಿಂದ ಕರೆಯೋದು. “ಆಲು ಉಕ್ತಾ ಅದೆ, ನೋಡೇ.” ಹೇಳಿದ್ದು ನಮ್ಮಜ್ಜಿ.’